ಎರಡನೆಯ ಮೈಕು

ಬಾಯಿ ಮುಕ್ಕಳಿಸಿ ಉಗುಳಿದ. ಮತ್ತೆ ಬೊಗಸೆ ಒಡ್ಡಿದ. ಸಭಾಂಗಣದ ಹಿಂದಿನ ಬಚ್ಚಲಿನಲ್ಲಿ ನಲ್ಲಿ ಸಣ್ಣಗೆ ಹರಿಯುತ್ತಿತ್ತು. ಬೊಗಸೆ ತುಂಬುವಷ್ಟರಲ್ಲಿ ಮನಸ್ಸು ಇನ್ನೊಂದು ಸುತ್ತು ಹಾಕಿ ಅದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ನೀರಿಗೆ ತುಕ್ಕಿನ ವಾಸನೆ. ಗೋಡೆಯಾಚೆ ಜನ ಇನ್ನೂ ಜೈಕಾರ ಹಾಕುತ್ತಿದ್ದರು, ಕುರ್ಚಿಗಳು ಕರಕರ ಅನ್ನುತ್ತಿದ್ದವು. ಕನ್ನಡಿಯಲ್ಲಿ ಕಂಡ ಬಾಯಿ ಅವನದೇ. ಈಗಷ್ಟೇ, ಅಷ್ಟು ಜನರ ಎದುರಿಗೆ, ಅದೇ ಬಾಯಿಂದ "ಅದೇ ವರ್ಷ ನನ್ನ ಅಮ್ಮ ಸತ್ತುಹೋದಳು" ಅಂದುಬಿಟ್ಟಿದ್ದ. ಅಮ್ಮ ಗಟ್ಟಿಮುಟ್ಟಾಗಿ ಮನೆಯಲ್ಲಿ ಕೂತಿದ್ದಾಳೆ. ಬೆಳಿಗ್ಗೆ ತಾನೇ ಫೋನಿನಲ್ಲಿ, "ಸಂಜೆ ಯಾವ ಬಣ್ಣದ ಅಂಗಿ ಹಾಕ್ಕೋತೀಯೋ? ವೇದಿಕೆ ಮೇಲೆ ನಿನ್ನ ಹುಡುಕಬೇಕಲ್ಲ" ಅಂದಿದ್ದಳು. ಬಿಳೀದು ಅಂದಿದ್ದ. "ಅಲ್ಲಿ ಕಳ್ಳರೆಲ್ಲ ಬಿಳೀದೇ ಹಾಕ್ಕೊಂಡಿರ್ತಾರಲ್ಲೋ!" ಅಂತ ನಕ್ಕಿದ್ದಳು.

ಅವನು ದುಭಾಷಿ. ರಾಜಧಾನಿಯಿಂದ ಬಂದ ನಾಯಕರು ಮೊದಲ ಮೈಕಿನಲ್ಲಿ ತಮ್ಮ ಭಾಷೆಯ ಒಂದು ವಾಕ್ಯ ಆಡಿ ನಿಲ್ಲಿಸುತ್ತಾರೆ; ಎರಡು ಮೊಳ ದೂರದಲ್ಲಿ, ಎರಡನೆಯ ಮೈಕಿನಲ್ಲಿ, ಇವನು ಅದನ್ನು ಇಲ್ಲಿನವರ ಭಾಷೆಯಲ್ಲಿ ಆಡುತ್ತಾನೆ. ಅರ್ಧ ಆಯುಷ್ಯ ಕೋರ್ಟಿನಲ್ಲಿ ಇದೇ ಕೆಲಸ ಮಾಡಿದವನು. ಅಲ್ಲಿ ಸೇರಿದ ಮೊದಲ ದಿನವೇ ಹಿರಿಯರೊಬ್ಬರು ಕಿವಿ ಹಿಂಡಿ ಹೇಳಿದ್ದರು: "ಅವನು ಕದ್ದನಂತೆ, ಇವಳು ಹೊಡೆದಳಂತೆ ಅಂತೆಲ್ಲ ಅಂತೆಕಂತೆ ಬೇಡ. ಕಟಕಟೆಯಲ್ಲಿರೋನು ನಾನು ಕದ್ದೆ ಅಂದ್ರೆ ನೀನೂ ನಾನು ಕದ್ದೆ ಅನ್ನು." ಹಾಗಾಗಿ ಅವನು ಕದ್ದಿದ್ದ, ಅತ್ತೆಯ ತಲೆ ಒಡೆದಿದ್ದ, ಗಂಡನನ್ನು ಬಿಟ್ಟು ಓಡಿಹೋಗಿದ್ದ, ಒಮ್ಮೆ ಬಸುರಿಯೂ ಆಗಿದ್ದ. ಯಾರೂ ಇವನ ಕಡೆ ತಿರುಗಿ ನೋಡಿರಲಿಲ್ಲ. ನ್ಯಾಯಾಧೀಶರು ಕಟಕಟೆಯನ್ನು ನೋಡುತ್ತಿದ್ದರು, ವಕೀಲರು ಗಡಿಯಾರ ನೋಡುತ್ತಿದ್ದರು. ಸಾವಿರ ಜನರ ಪಾಪ ಬಾಯಲ್ಲಿ ಹೊತ್ತು, ಸಂಜೆ ಮನೆಗೆ ಹೋಗಿ ಹಾಯಾಗಿ ಉಂಡು ಮಲಗುತ್ತಿದ್ದ. ಕೋರ್ಟು ಬಿಟ್ಟ ಮೇಲೆ ಕರೆದವರ ಹಿಂದೆ ಹೋಗುವ ಹೊಟ್ಟೆಪಾಡು. ಈ ಚುನಾವಣೆ ಮುಗಿಯುವತನಕ ಈ ನಾಯಕರ ನಾಲಿಗೆ ಇವನು.

ಆದರೆ ಇವತ್ತು ಬೆಳಿಗ್ಗೆ ಆದದ್ದೇ ಬೇರೆ. ನಾಯಕರು ಬೆಲೆ ಏರಿಕೆ, ನೀರು, ರಸ್ತೆ ಎಲ್ಲ ಮುಗಿಸಿ, ಒಂದು ಗುಟುಕು ನೀರು ಕುಡಿದು, "ನನ್ನ ಬಾಲ್ಯದ ಒಂದು ಮಾತು ಹೇಳಬೇಕು" ಅಂದರು. ಇವನೂ ಹಾಗೇ ಹೇಳಿದ. "ನನ್ನ ತಾಯಿ ನಮ್ಮಿಬ್ಬರು ಮಕ್ಕಳನ್ನು ಕೈ ಹಿಡಿದುಕೊಂಡು ಕರೆಯದ ಮದುವೆಗಳಿಗೆ ಹೋಗುತ್ತಿದ್ದರು" ಅಂದರು. ಇವನು ಥಟ್ಟನೆ ಅವರ ಕಡೆ ತಿರುಗಿದ. ಯಾಕೆಂದರೆ ಆ ಅಮ್ಮ ನಾಯಕರ ಅಮ್ಮ ಅಲ್ಲವೇ ಅಲ್ಲ. ಇವನ ಅಮ್ಮ. ನಿನ್ನೆ ಕಾರಿನಲ್ಲಿ ಇವನೇ, ನಾಲಿಗೆ ಚಪಲಕ್ಕೆ, ನಗಿಸಲಿಕ್ಕೆಂದು ಹೇಳಿದ ಕಥೆ. ಒಂದೊಂದೇ ವಾಕ್ಯ ಅವರ ಬಾಯಿಂದ ಬಂದು ಎದುರಿಗೆ ನಿಲ್ಲುತ್ತಿತ್ತು, ಇವನು ಅದನ್ನು ತಿರುಗಿಸಿ ಜನರ ಕಡೆ ಕಳಿಸುತ್ತಿದ್ದ. ದೊಡ್ಡವರ ತಾಯಂದಿರ ಮಾತು ಬಂದಾಗೆಲ್ಲ "ನಮ್ಮ ತಾಯಿಯವರು" ಅನ್ನುವುದು ಅವನ ರೂಢಿ. ಇವತ್ತು ಬಾಯಿಗೆ ಬಂದದ್ದು "ಅಮ್ಮ". ಬಂದಿದ್ದು, ಹೋಗಿದ್ದು ಎಲ್ಲ ಏಕವಚನ. ಕೊನೆಗೆ ನಾಯಕರು, ಕಥೆಯಲ್ಲಿ ಇಲ್ಲದ ಒಂದು ವಾಕ್ಯ ಸೇರಿಸಿ, ಆ ಅವಮಾನ ತಾಳಲಾರದೆ ಅದೇ ವರ್ಷ ತಾಯಿ ತೀರಿಕೊಂಡರು ಅಂದಾಗಲೂ ಇವನ ಬಾಯಿ ಅದೇ ಓಟದಲ್ಲಿ "ಸತ್ತುಹೋದಳು" ಅಂದುಬಿಟ್ಟಿತು. ಮೊದಲ ಸಾಲಿನ ಹೆಂಗಸೊಬ್ಬಳು ಅಯ್ಯೋ ಅಂದಳು. ಜೀವಮಾನದಲ್ಲಿ ಮೊದಲ ಸಲ ಅವನು ಆಡಿದ "ನಾನು" ಅವನೇ ಆಗಿದ್ದ, ಆಗಲೂ ಒಬ್ಬರಾದರೂ ಇವನ ಕಡೆ ನೋಡಲಿಲ್ಲ.

ಬಾಗಿಲು ಬಡಿದ ಸದ್ದು. "ಒಳಗೆ ಮಲಗಿಬಿಟ್ರಾ ಹೇಗೆ? ಕಾರು ಹೊರಡ್ತಿದೆ!" ನಾಯಕರ ಆಪ್ತ ಕಾರ್ಯದರ್ಶಿ. ಜೊತೆಯವರೆಲ್ಲ ಅವನಿಗೆ ಇಟ್ಟ ಹೆಸರು ಗಡಿಯಾರ. ಎದುರಿಗೇ ಕರೆದರೂ ಬೇಜಾರಿಲ್ಲ ಮನುಷ್ಯನಿಗೆ. ಎರಡೂ ಭಾಷೆ ಬಲ್ಲವನು, ಎರಡರಲ್ಲೂ ಅವಸರ. ಬಾಗಿಲು ತೆರೆದ ಕೂಡಲೇ ಭುಜ ತಟ್ಟಿದ. "ಏನು ಸ್ವಾಮಿ, ಹೊಡೆದುಬಿಟ್ರಿ! ತೀರಿಕೊಂಡರು ಅಂದಿದ್ರೆ ಒಂದು ನರಪಿಳ್ಳೆಯೂ ಅಳ್ತಿರಲಿಲ್ಲ. ಸತ್ತುಹೋದಳು ಅಂದ್ರಿ ನೋಡಿ, ಪೊಲೀಸಿನವರೂ ಕಣ್ಣೊರೆಸಿಕೊಂಡ್ರು. ಇನ್ನು ಎಲ್ಲಾ ಕಡೆ ಇದೇ ಇರಲಿ, ಒಂದಕ್ಷರ ಬದಲಾಗೋದು ಬೇಡ."

"ಆ ಭಾಗ ಬಿಟ್ಟರೆ ಒಳ್ಳೇದೇನೋ" ಅಂದ ದುಭಾಷಿ.

"ಯಾಕೆ?"

ಯಾಕೆ ಅಂದರೆ ಏನು ಹೇಳುವುದು? ಅದು ನನ್ನಮ್ಮನ ಕಥೆ ಅನ್ನಬೇಕು. ಅಂದರೆ ಕರೆಯದ ಮದುವೆಗೆ ಹೋಗಿ ಉಂಡವಳು ನನ್ನಮ್ಮ, ಇಗೋ ಈ ಅಂಗಿ ತೊಟ್ಟವನೇ ಆ ಮಗ ಅನ್ನಬೇಕು. ಗಡಿಯಾರನ ಬಾಯಿಗೆ ಬಿದ್ದ ಮಾತು ಊಟದ ಹೊತ್ತಿಗೆ ಎಲ್ಲ ಕಾರುಗಳಿಗೂ ತಲುಪುತ್ತದೆ. ಅಮ್ಮನ ಮಾನ ಉಳಿಸಬೇಕಾದರೆ ಅಮ್ಮನ ಮಾನ ಕಳೆಯಬೇಕು, ಇದೆಂಥ ಪೇಚು! "ಏನಿಲ್ಲ, ಸ್ವಲ್ಪ ಉದ್ದ ಆಯ್ತೇನೋ ಅಂತ" ಅಂದ. "ಉದ್ದವೋ ಗಿಡ್ಡವೋ, ಕೆಲಸ ಮಾಡ್ತಲ್ಲ" ಅಂದು ಗಡಿಯಾರ ಮುಂದೆ ಓಡಿದ.

ಪ್ರಚಾರ ಶುರುವಾಗಿ ಇನ್ನೂ ಮೊದಲ ವಾರ. ಟೀವಿಯವರು ಶಾಲೆ ಮೇಷ್ಟ್ರ ಹಾಗೆ ನಾಯಕರಿಗೆಲ್ಲ ಅಂಕ ಹಾಕುತ್ತ ಕೂತಿದ್ದರು. ಎದುರು ಪಕ್ಷದ ನಾಯಕಿ ಹೋದಲ್ಲೆಲ್ಲ ಯಾರದಾದರೂ ಕೂಸನ್ನು ಎತ್ತಿಕೊಳ್ಳುತ್ತಿದ್ದಳು. ಕೂಸು ನಕ್ಕರೂ ಅವಳಿಗೆ ಅಂಕ, ಚೀರಿದರೂ ಅಂಕ. ಇನ್ನೊಬ್ಬ ಯುವಕ ವೇದಿಕೆಯಿಂದ ಜನರ ನಡುವೆ ಧುಮುಕುತ್ತಿದ್ದ. ಇವರ ನಾಯಕರು ಮಾತ್ರ ಕೈಯಲ್ಲಿ ಕಾಗದ ಹಿಡಿದು ಶೇಕಡಾವಾರು ಓದುತ್ತಿದ್ದರು. ಒಳ್ಳೆಯ ಆಡಳಿತಗಾರ, ಆದರೆ ಮರದ ಮನುಷ್ಯ, ಅಂತ ಟೀವಿಯಲ್ಲಿ ಅಂದದ್ದನ್ನು ನಿನ್ನೆ ಕಾರಿನಲ್ಲಿ ಅವರೇ ಫೋನಿನಲ್ಲಿ ಎರಡು ಸಲ ನೋಡಿದರು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ ಕೂತರು. ಅಷ್ಟು ದೊಡ್ಡ ಮನುಷ್ಯ ಪರೀಕ್ಷೆಯಲ್ಲಿ ನಪಾಸಾದ ಹುಡುಗನ ಹಾಗೆ ಕೂತಿದ್ದನ್ನು ಕಂಡು ಇವನಿಗೆ ಕರುಳು ಚುರುಕ್ಕೆಂದಿತು. ಇರಲಿ, ಕರುಳು ಅನ್ನುವುದು ಯಾಕೆ, ಅವರ ಪಕ್ಕ ಕೂರುವ ಭಾಗ್ಯ ಸಿಕ್ಕ ಹೆಮ್ಮೆ, ಅವರನ್ನು ನಗಿಸಬಲ್ಲೆ ಅನ್ನುವ ಕೊಬ್ಬು. ಶುರು ಮಾಡಿಬಿಟ್ಟ.

ಕಲ್ಯಾಣಮಂಟಪಗಳ ಬೀದಿ ಒಂದಿತ್ತು. ರಜಾದಿನ ಬಂದರೆ ಅಮ್ಮ ಇಬ್ಬರಿಗೂ ತಲೆ ಬಾಚಿ, ತಾನು ಇದ್ದೊಂದು ಒಳ್ಳೆ ಬಟ್ಟೆ ಉಟ್ಟು ಹೊರಡುವಳು. ದಾರಿಯುದ್ದಕ್ಕೂ ಪಾಠ: ಹೆಣ್ಣಿನ ಕಡೆಯವರು ಕೇಳಿದರೆ ಗಂಡಿನ ಕಡೆ ಅನ್ನಿ, ಗಂಡಿನ ಕಡೆಯವರು ಕೇಳಿದರೆ ಹೆಣ್ಣಿನ ಕಡೆ ಅನ್ನಿ, ಇಬ್ಬರೂ ಒಟ್ಟಿಗೆ ಕೇಳಿದರೆ ನಗಿ. ವಧೂವರರ ಕೈಗೆ ಅಂಟಿಸಿದ ಕವರು ಕೊಡುವಳು, ಒಳಗೆ ಏನೂ ಇರುತ್ತಿರಲಿಲ್ಲ, ಮೇಲೆ ಚೆಂದದ ಅಕ್ಷರದಲ್ಲಿ "ನೂರು ಕಾಲ ಬಾಳಿ" ಅಂತ. ಒಂದು ಸಲ ಊಟದ ಮೇಜಿನ ಹತ್ತಿರ ದಪ್ಪ ಮೀಸೆಯವನೊಬ್ಬ ಬಂದು ಅಕ್ಕನ ಗಲ್ಲ ಹಿಡಿದು, "ಮದುಮಗನ ಹೆಸರೇನು ಪುಟ್ಟಿ?" ಅಂದ. ಅಕ್ಕ ಥಟ್ಟನೆ ಹೇಳಿದಳು, ಹೋದ ವಾರದ ಮದುಮಗನ ಹೆಸರು! ಎಬ್ಬಿಸಿದರು. ಸುತ್ತ ಇದ್ದವರೆಲ್ಲ ತುತ್ತು ಎತ್ತಿದ ಕೈ ಹಾಗೇ ಇಟ್ಟುಕೊಂಡು ನೋಡಿದರು. ಅಮ್ಮ ಇಬ್ಬರ ಬಾಯಿಯನ್ನೂ ಒರೆಸಿ, "ಊಟ ಚೆನ್ನಾಗಿತ್ತು, ಮಕ್ಕಳು ಸುಖವಾಗಿರಲಿ" ಅಂತ ಮೀಸೆಯವನಿಗೆ ಹೇಳಿ ಹೊರಗೆ ನಡೆದಳು. ಬೀದಿ ತಿರುಗುತ್ತಿದ್ದ ಹಾಗೆ ಅವಳಿಗೆ ನಗು ಬಂತು. "ಎರಡು ಮದುವೆ ಮಾಡಿಸಿಬಿಟ್ಟೆಯಲ್ಲೇ ಆ ಹುಡುಗನಿಗೆ!" ಅಂತ ಗೋಡೆಗೆ ಒರಗಿ ಬಿಕ್ಕಳಿಕೆ ಬರುವ ತನಕ ನಕ್ಕಳು. ಅಕ್ಕ ಅಳುತ್ತಿದ್ದಳು. ಆಮೇಲೆ ಯಾವತ್ತೂ ಹೋಗಲಿಲ್ಲ, ಯಾವತ್ತೂ ಆ ಮಾತು ಆಡಲೂ ಇಲ್ಲ. ದೊಡ್ಡ ಮನೆಗೆ ಮದುವೆಯಾಗಿ ಹೋದ ಅಕ್ಕ ಆ ಮದುವೆಯ ಹಿಂದಿನ ದಿನ ಇವನನ್ನು ಕೋಣೆಗೆ ಕರೆದು, "ಅದೊಂದು ಮಾತ್ರ ಯಾರ ಹತ್ತಿರಾನೂ ಬಾಯಿ ಬಿಡಬೇಡ" ಅಂತ ಕೈಮೇಲೆ ಕೈ ಹಾಕಿಸಿಕೊಂಡಿದ್ದಳು. ನಾಯಕರು ನಕ್ಕಿದ್ದರು ನಿನ್ನೆ, ನಿಜವಾಗಿಯೂ ನಕ್ಕಿದ್ದರು. "ನಿಮ್ಮ ತಾಯಿ ಇದ್ದಾರಾ?" ಅಂತ ಕೇಳಿದ್ದರು. ಇದ್ದಾರೆ ಅಂದಿದ್ದ.

ಈಗ ಅದೇ ಕಾರು, ಅದೇ ಸೀಟು. ನಾಯಕರು ಗಂಟಲಿಗೊಂದು ಗುಳಿಗೆ ಹಾಕಿಕೊಂಡು ಇವನಿಗೂ ಒಂದು ಕೊಟ್ಟರು. ಇಬ್ಬರೂ ಸ್ವಲ್ಪ ಹೊತ್ತು ಚೀಪಿದರು. "ಪರವಾಗಿಲ್ಲ ತಾನೇ?" ಅಂದರು ಅವರು, ತಮ್ಮ ಭಾಷೆಯಲ್ಲಿ, ಕಿಟಕಿಯ ಕಡೆ ನೋಡುತ್ತಲೇ.

"ಅಮ್ಮ ಇದ್ದಾಳೆ ಸಾರ್" ಅಂದ ಇವನು.

"ಗೊತ್ತು. ನನ್ನ ತಾಯಿ ಇಲ್ಲ. ನಾನು ಚಿಕ್ಕವನಿದ್ದಾಗಲೇ ಹೋದರು. ಆ ಮಾತು ಸುಳ್ಳಲ್ಲ." ಕನ್ನಡಕ ತೆಗೆದು ಒರೆಸಿದರು. "ಹೋದರು, ಅಷ್ಟೇ. ಜ್ವರ ಬಂತು, ಹೋದರು. ಅವರ ಬಗ್ಗೆ ಹೇಳೋಣ ಅಂದರೆ ನನ್ನ ಹತ್ತಿರ ಏನೂ ಇಲ್ಲ, ಒಂದು ಮಾತೂ ನೆನಪಿಲ್ಲ. ನಿಮ್ಮ ಹತ್ತಿರ ಎಷ್ಟೊಂದಿದೆ! ಅರ್ಧ ನಿಮ್ಮದು, ಅರ್ಧ ನನ್ನದು ಅಂದುಕೊಳ್ಳಿ." ಇವನಿಗೆ ಸಿಟ್ಟು ಬರಬೇಕಿತ್ತು. ಬೆಳಗಿನಿಂದ ಕೂಡಿಸಿಟ್ಟುಕೊಂಡ ಸಿಟ್ಟು ಇದ್ದಲ್ಲೇ ಹುಳಿಯಿತು. ತಾಯಿಯ ಒಂದು ಮಾತೂ ನೆನಪಿಲ್ಲದವನ ಮೇಲೆ ಹೇಗೆ ಸಿಟ್ಟು ಮಾಡುವುದು? ಆದರೂ ಎರಡು ನಿಜ ಸೇರಿಸಿ ಹೊಲಿದರೆ ಹೀಗೊಂದು ಸುಳ್ಳು ಎದ್ದು ನಿಲ್ಲುತ್ತದಲ್ಲ! "ಸಾರ್, ಕೊನೆಗೆ ಅಮ್ಮ ನಕ್ಕಿದ್ದಳು" ಅಂದ. "ನಿಜ" ಅಂದರು ನಾಯಕರು, ಕನ್ನಡಕ ಹಾಕಿಕೊಂಡು. "ಆದರೆ ನಗುವಿನ ಮೇಲೆ ಭಾಷಣ ಮುಗಿಸಲಿಕ್ಕೆ ಬರುವುದಿಲ್ಲ." ಗುಳಿಗೆ ನುಂಗಲೂ ಆಗದೆ ಉಗುಳಲೂ ಆಗದೆ ಇವನು ಅದನ್ನು ಕೆನ್ನೆಯ ಒಂದು ಮೂಲೆಗೆ ತಳ್ಳಿದ.

ಮಧ್ಯಾಹ್ನದ ಸಭೆಯಲ್ಲಿ ಒಂದು ಉಪಾಯ ಮಾಡಿದ. ಮಾಡಿ ಕೆಟ್ಟ. ಕಾರ್ಖಾನೆಯೊಂದರ ಅಂಗಳ, ತಗಡಿನ ಚಪ್ಪರ, ಬಿಸಿಲು ನೆತ್ತಿಯ ಮೇಲೆ. ನಾಯಕರು ಬೆಳಿಗ್ಗೆ ಮಾಡದಿದ್ದ ಒಂದು ಕೆಲಸ ಈಗ ಮಾಡಿದರು: ಮದುವೆಯ ಮಾತು ಬಂದಾಗ ಕೈಯಲ್ಲಿದ್ದ ಕಾಗದ ಮಡಚಿ ಜೇಬಿಗಿಟ್ಟರು. ಕಾಗದವಿಲ್ಲದ ಕೈ ಕಂಡ ಕೂಡಲೇ ಜನ ಸುಮ್ಮನಾದರು. ಮರಕ್ಕೆ ಚಿಗುರು ಬರುತ್ತಿದೆ ಅಂದುಕೊಂಡ ದುಭಾಷಿ, ಅದನ್ನೂ ಮೆಚ್ಚಿದ, ಮೆಚ್ಚಿದ್ದಕ್ಕೆ ತನ್ನನ್ನೇ ಬೈದುಕೊಂಡ. ಕೊನೆಯ ವಾಕ್ಯ ಬಂತು. "ನನ್ನ" ಅನ್ನುವ ಬದಲು ಮೆಲ್ಲಗೆ, "ಅದೇ ವರ್ಷ ಇವರ ತಾಯಿಯವರು ತೀರಿಕೊಂಡರು" ಅಂದ. ಅಷ್ಟು ವರ್ಷದ ಕಟ್ಟುನಿಟ್ಟು ಒಂದು ಅಕ್ಷರದಲ್ಲಿ ಮುರಿಯಿತು, ಒಂದು ಕ್ಷಣ ಉಸಿರು ಹಗುರಾಯಿತು. ಆದರೆ ಇವರ ಅಂದರೆ ಯಾರ? ಇಷ್ಟು ಹೊತ್ತು ನಾನು ನಾನು ಅಂತಿದ್ದವನು ಇದ್ದಕ್ಕಿದ್ದ ಹಾಗೆ ಇವರ ಅಂದರೆ ಜನ ಸುತ್ತ ಹುಡುಕುತ್ತಾರೆ. ಹುಡುಕಿದರು. ನಾಯಕರ ಪಕ್ಕದಲ್ಲಿ ಹಾರ ಹಾಕಿಕೊಂಡು ಕೂತಿದ್ದ ಊರಿನ ಅಭ್ಯರ್ಥಿಯ ಮೇಲೆ ಎಲ್ಲರ ಕಣ್ಣು ಬಿತ್ತು. ಅವನ ತಾಯಿ ಮೊದಲ ಸಾಲಿನಲ್ಲೇ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದಳು. ಮುದುಕಿ ಬೀಸಣಿಗೆ ನಿಲ್ಲಿಸಿ, "ಏನಂತೆ? ಯಾರು ಹೋದರಂತೆ?" ಅಂದಳು. ಹಿಂದಿನಿಂದ ಯಾರೋ "ನೀವೇ ಅಂತೆ ಅಜ್ಜೀ!" ಅಂದ. ಇಡೀ ಚಪ್ಪರ ಹೋ ಅಂತು. ತಲೆ ತಗ್ಗಿಸಿಕೊಂಡು ಮೌನವಾಗಿ ನಿಂತಿದ್ದ ನಾಯಕರು ಕತ್ತೆತ್ತಿ, ಅರ್ಥವಾಗದೆ, ಇವನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಿನ್ನೆ ಟೀವಿ ನೋಡುವಾಗ ಇದ್ದ ಮುಖವೇ.

ವೇದಿಕೆಯ ಮೆಟ್ಟಿಲಲ್ಲೇ ಗಡಿಯಾರ ಹಿಡಿದುಕೊಂಡ. "ಏನ್ರೀ ಅದು, ಇವರ ಅಂತೆ ಇವರ! ಬದುಕಿರೋ ಮುದುಕಿನ ಸಾಯಿಸಿಬಿಟ್ರಲ್ರೀ!"

"ಬಾಯಿ ತಪ್ಪಿತು."

"ಬಾಯಿ ತಪ್ಪೋಕೆ ಅದೇನು ಈಗ ನಿಮ್ಮ ಬಾಯಾ? ನಾನು ಅನ್ನಿ ಸ್ವಾಮಿ, ನಾನು. ನನ್ನ ಅಮ್ಮ ಸತ್ತುಹೋದಳು. ಬೆಳಿಗ್ಗೆ ಎಷ್ಟು ಚೆನ್ನಾಗಿ ಅಂದಿದ್ರಿ! ಸಂಜೆದು ನೇರ ಪ್ರಸಾರ, ದೇಶವೆಲ್ಲ ನೋಡುತ್ತೆ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಎಡಗಡೆ ಕಾರಲ್ಲಿ ಇನ್ನೊಬ್ಬ ಕೂತಿದಾನೆ." ಎಡಗಡೆ ಕಾರಿನಲ್ಲಿ ನಿಜಕ್ಕೂ ಒಬ್ಬ ಕೂತಿದ್ದ, ತಲೆಗೆ ಎಣ್ಣೆ ಹಚ್ಚಿ ಬಾಚಿದವನು, ಕಾಲೇಜಿನಲ್ಲಿ ಭಾಷೆ ಕಲಿಸುವವನಂತೆ. ತನ್ನ ಬದಲು ಅವನು ಮೈಕಿನ ಮುಂದೆ ನಿಂತರೂ ಕಥೆ ನಿಲ್ಲುವುದಿಲ್ಲ. ಅಮ್ಮ ಅವನ ಬಾಯಲ್ಲಿ ಸಾಯುತ್ತಾಳೆ, ಅಷ್ಟೇ ವ್ಯತ್ಯಾಸ. ಕೊನೇಪಕ್ಷ ನಾನಾದರೆ, ಅಂದುಕೊಂಡು ದುಭಾಷಿ ಆ ಯೋಚನೆಯನ್ನು ಮುಗಿಸಲಾಗದೆ ಅಲ್ಲೇ ಬಿಟ್ಟ. ನಾನಾದರೆ ಏನು? ಚೆನ್ನಾಗಿ ಸಾಯಿಸುತ್ತೇನೆ ಅಂತಲೇ? "ಆಗುತ್ತೆ, ಹೇಳ್ತೀನಿ" ಅಂದ.

ಅಂಗಳದ ನೀರಿನ ತೊಟ್ಟಿಯ ಮರೆಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದ. ಸಂಜೆಯ ಸಭೆ ಅವರ ಊರಿನಲ್ಲೇ, ಮನೆಗೆ ನಡೆದು ಹೋಗುವಷ್ಟು ಹತ್ತಿರದ ಮೈದಾನದಲ್ಲಿ. "ಅಮ್ಮನ್ನ ಇವತ್ತು ಕರ್ಕೊಂಡು ಬರಬೇಡ ಅಕ್ಕ."

"ಯಾಕೋ?"

"ನೂಕುನುಗ್ಗಲು ಇರುತ್ತೆ. ಸುಸ್ತಾಗ್ತಾಳೆ."

"ನಿಮ್ಮ ಭಾವ ಪರದಾಡಿ ಮುಂದಿನ ಸಾಲಿನ ಪಾಸ್ ತಂದಿದಾರೆ. ಅಮ್ಮ ಊಟ ಆದಾಗಿಂದ ಬಟ್ಟೆ ಉಟ್ಕೊಂಡು ಬಾಗಿಲಲ್ಲೇ ಕೂತಿದಾಳೆ, ಉಟ್ಟಿದ್ದು ಸುಕ್ಕಾಗುತ್ತೆ ಅಂತ ಒರಗ್ತಾನೂ ಇಲ್ಲ."

"ಟೀವೀಲಿ ನೋಡಬಹುದಲ್ಲ" ಅಂದ. ಅಂದ ಮೇಲೆ ಹೊಳೆಯಿತು, ಟೀವಿಯಲ್ಲೂ ಅದೇ ಬರುತ್ತದೆ. ಎಲ್ಲಿ ಕೂರಿಸಿದರೂ ಅವಳ ಕಿವಿಗೆ ಅದು ಬಿದ್ದೇ ಬೀಳುತ್ತದೆ.

"ನಾವು ಬಂದ್ರೆ ನಿನಗೆ ಅವಮಾನ ಆಗುತ್ತಾ? ದೊಡ್ಡ ದೊಡ್ಡವರ ಪಕ್ಕ ನಿಂತ್ಕೋತೀಯ. ಹಾಗಿದ್ರೆ ನೆಟ್ಟಗೆ ಹೇಳು." ಇಲ್ಲ ಅಕ್ಕ, ಹಾಗಲ್ಲ ಅಕ್ಕ, ಅಂತ ಇವನು ಬಡಬಡಿಸಿದ. ಎರಡು ಭಾಷೆ ಬರುತ್ತದೆ ಅಂತ ಊರೆಲ್ಲ ಹೊಗಳುವ ಬಾಯಿಗೆ ಸ್ವಂತ ಅಕ್ಕನಿಗೆ ಹೇಳಲು ಒಂದು ವಾಕ್ಯ ಸಿಗಲಿಲ್ಲ. "ಬರ್ತೀವಿ" ಅಂದು ಅವಳು ಇಟ್ಟುಬಿಟ್ಟಳು.

ಸಂಜೆಯ ಮೈದಾನದಲ್ಲಿ ಬೆಳಕು ಇನ್ನೂ ಇತ್ತು. ದೀಪಗಳನ್ನು ಆಗಲೇ ಹಾಕಿದ್ದರು, ಹಾಗಾಗಿ ಎಲ್ಲರ ಮುಖವೂ ಸ್ವಲ್ಪ ಹಳದಿಯಾಗಿ, ಕಾಯಿಲೆ ಬಿದ್ದವರ ಹಾಗೆ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ಮೂವರೂ ಇದ್ದರು. ಭಾವ ಕಾಲ ಮೇಲೆ ಕಾಲು ಹಾಕಿ ಪಾಸನ್ನು ಎದೆಗೆ ಸಿಕ್ಕಿಸಿಕೊಂಡಿದ್ದರು. ಅಕ್ಕ ಇವನ ಕಡೆ ನೋಡಲಿಲ್ಲ. ಅಮ್ಮ ಹಣೆಗೆ ಕೈ ಅಡ್ಡ ಹಿಡಿದು ವೇದಿಕೆಯ ಮೇಲಿನ ಬಿಳಿ ಅಂಗಿಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಬಂದು, ಕೊನೆಗೆ ಇವನನ್ನು ಕಂಡು, ಪಕ್ಕದವಳಿಗೆ ಬೆರಳು ಮಾಡಿ ತೋರಿಸಿದಳು. ಅಪರಿಚಿತಳಾದ ಆ ಹೆಂಗಸು ಕೂಡ ಹೌದೌದು ಅಂತ ತಲೆಯಾಡಿಸಿದಳು. ಇವನು ಕೈ ಎತ್ತಲೂ ಆಗದೆ, ಎತ್ತದಿರಲೂ ಆಗದೆ ಮೈಕಿನ ತಂತಿ ಸರಿಮಾಡುವ ಹಾಗೆ ಮಾಡಿದ. ಓಡಿಹೋಗಬಹುದಿತ್ತು. ಗಂಟಲು ಕಟ್ಟಿದೆ ಅನ್ನಬಹುದಿತ್ತು. ಕೆಳಗೆ ಎಣ್ಣೆ ಹಚ್ಚಿದ ತಲೆಯವನು ಕುತ್ತಿಗೆ ಉದ್ದ ಮಾಡಿಕೊಂಡು ಕಾಯುತ್ತಿದ್ದ. ನಾಯಕರು ಶುರು ಮಾಡಿಯೇಬಿಟ್ಟರು.

ಎಷ್ಟು ಬೇಗ ಕಲಿತುಬಿಟ್ಟರು ಮನುಷ್ಯ! ಈಗ ಅವರು ಕಾಗದವನ್ನು ಮೊದಲೇ ಜೇಬಿಗಿಟ್ಟಿದ್ದರು. ಖಾಲಿ ಕವರಿನ ಮಾತು ಬಂದಾಗ ಎರಡು ಬೆರಳಲ್ಲಿ ಇಲ್ಲದ ಕವರನ್ನು ಹಿಡಿದು ಮುಂದೆ ಚಾಚಿದರು. ಮೀಸೆಯವನ ಮಾತು ಬಂದಾಗ ಒಂದು ಹೆಜ್ಜೆ ಹಿಂದೆ ಸರಿದು ಹುಡುಗನಾದರು. ಅವರ ಕಥೆಯಲ್ಲಿ ತಪ್ಪು ಹೆಸರು ಹೇಳಿದವನು ಅವರೇ. "ಆ ತಪ್ಪು ಹೆಸರು ಇವತ್ತಿಗೂ ನನ್ನ ನಾಲಿಗೆ ಮೇಲಿದೆ" ಅಂದರು, "ಆ ತಪ್ಪು ಹೆಸರು ಇವತ್ತಿಗೂ ನನ್ನ ನಾಲಿಗೆ ಮೇಲಿದೆ" ಅಂದ ದುಭಾಷಿ, ಅಕ್ಕನ ತಲೆ ಬಗ್ಗಿತು. ಮೊದಲ ವಾಕ್ಯಕ್ಕೇ ಅವಳ ಮುಖ ಬಿಳಿಚಿದ್ದನ್ನು ಇವನು ನೋಡಿದ್ದ. ಈಗ ಬೈತಲೆ ಮಾತ್ರ ಕಾಣುತ್ತಿತ್ತು. ಅಮ್ಮನ ಕಡೆ ನೋಡಬಾರದು ಅಂತ ನಾಯಕರ ಬೂಟುಗಳನ್ನೇ ನೋಡುತ್ತ ನಿಂತ. ಕೊನೆಯ ವಾಕ್ಯ. ನಾಯಕರು ಕನ್ನಡಕ ತೆಗೆದರು, ಮಧ್ಯಾಹ್ನ ಇದೂ ಇರಲಿಲ್ಲ, ಆ ವಾಕ್ಯ ಆಡಿದರು, ತಲೆ ತಗ್ಗಿಸಿದರು. ಈಗ ಇಡೀ ಮೈದಾನ ಇವನ ಬಾಯಿಗೆ ಕಾಯುತ್ತಿತ್ತು. ಇವರ್ಯಾರಿಗೂ ಆ ಭಾಷೆ ಬರುವುದಿಲ್ಲ. ನಾನು ಏನಂದರೆ ಅದೇ. "ಬೀದಿ ತಿರುವಿನಲ್ಲಿ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು" ಅಂದುಬಿಟ್ಟರೆ? ಜನ ನಗುತ್ತಾರೆ, ಅತ್ತ ನಾಯಕರು ಕನ್ನಡಕ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತಿರುತ್ತಾರೆ. ವಾಕ್ಯ ತುಟಿಯ ತನಕ ಬಂತು. ಅಮ್ಮ, ನಕ್ಕಳು, ಎಲ್ಲ ಜೋಡಿಸಿಕೊಂಡು ಸಿದ್ಧವಾಗಿತ್ತು. ಆಮೇಲೆ, ಕೋರ್ಟಿನಲ್ಲಿ ಬೆಳಿಗ್ಗೆಯಿಂದ ಸಂಜೆಯ ತನಕ ಯಾರ ಮಾತೂ ಬದಲಿಸದೆ ಸವೆದ ಆ ಬಾಯಿ, ಇವನನ್ನು ಒಂದು ಮಾತೂ ಕೇಳದೆ, "ಅದೇ ವರ್ಷ ನನ್ನ ಅಮ್ಮ ಸತ್ತುಹೋದಳು" ಅಂತು. ಮೈದಾನದಲ್ಲಿ ಉಸಿರು ಎಳೆದುಕೊಂಡ ಸದ್ದು. ನೋಡಬಾರದು ಅಂದುಕೊಂಡೇ ನೋಡಿದ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ವೇದಿಕೆಯ ಹಿಂದೆ ಪರದೆ ಕಟ್ಟಿದ ಜಾಗದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಪಾಸು ತೋರಿಸಿ ಭಾವ ಇಬ್ಬರನ್ನೂ ಒಳಗೆ ಕರೆತಂದರು. "ಏನು ಕಥೆ, ಏನು ಕಥೆ! ಇಂಥವರಿಗೆ ಹಾಕಬೇಕು ಕಣಯ್ಯಾ ವೋಟು. ಹಸಿವು ಅಂದ್ರೆ ಏನು ಅಂತ ಉಂಡವರಿಗೆ ಗೊತ್ತಾಗುತ್ತಾ?" ಅಂದರು. ಅಕ್ಕ ಹತ್ತಿರ ಬಂದು, ಇವನ ಅಂಗಿಯ ಕಾಲರು ಸರಿಮಾಡುವ ನೆಪದಲ್ಲಿ, ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು: "ಎಷ್ಟಕ್ಕೆ ಮಾರಿದೆಯೋ?"

"ಮಾರಿಲ್ಲ ಅಕ್ಕ. ಸುಮ್ಮನೆ ಮಾತಿಗೆ ಮಾತು ಬಂತು ಅಂತ ಹೇಳಿದ್ದೆ."

"ಆ ಹೆಸರು ಹೇಳಿದ್ದು ನಾನು. ಎಷ್ಟು ವರ್ಷ ಅದನ್ನ ಹೊಟ್ಟೇಲಿಟ್ಕೊಂಡಿದೀನಿ ನಾನು! ಅದನ್ನೂ ಎತ್ತಿ ಅವನಿಗೆ ಕೊಟ್ಟೆಯಲ್ಲೋ, ಪಾಪಿ." ಕಣ್ಣಲ್ಲಿ ನೀರು ತುಂಬಿತ್ತು, ಗಂಡನಿಗೆ ಕಾಣದ ಹಾಗೆ ಪರದೆಯ ಕಡೆ ತಿರುಗಿದಳು.

ಅಷ್ಟರಲ್ಲಿ ಅಮ್ಮ ಮಾತಾಡಿದಳು. ಇವನಿಗಲ್ಲ, ಅಳಿಯನಿಗೆ. ಅಳಿಯನ ಎದುರು ಗಟ್ಟಿಯಾಗಿ ಕೆಮ್ಮಲೂ ಹಿಂಜರಿಯುವವಳು. "ನಾವೂ ಹೋಗ್ತಿದ್ವಪ್ಪ" ಅಂದಳು. "ನಾಯಕರ ತಾಯಿ ಹಾಗೇ. ಇವನನ್ನ, ಇವಳನ್ನ ಕರ್ಕೊಂಡು. ನಾನೂ ಖಾಲಿ ಕವರೇ ಕೊಡ್ತಿದ್ದದ್ದು. ಪ್ರಪಂಚದಲ್ಲಿ ನಾನೊಬ್ಬಳೇ ಇಂಥ ನಾಚಿಕೆಗೆಟ್ಟವಳು ಅಂದ್ಕೊಂಡಿದ್ದೆ. ಇಷ್ಟು ದೊಡ್ಡವರ ಮನೇಲೂ ಇದೇ ಕಥೆ ನೋಡು!" ಅವಳ ಮುಖ ಬೆಳಗುತ್ತಿತ್ತು. ಬೆನ್ನ ಮೇಲಿನ ಮೂಟೆ ಇಳಿಸಿ ಸೊಂಟ ನೆಟ್ಟಗೆ ಮಾಡಿದವಳ ಹಾಗೆ ನಿಂತಿದ್ದಳು. ಭಾವ ಬಾಯಿ ತೆರೆದು ಹೆಂಡತಿಯ ಬೆನ್ನನ್ನು ನೋಡಿದರು. ಆಮೇಲೆ, ಏನನ್ನಿಸಿತೋ, ಜೋರಾಗಿ ನಕ್ಕು, "ನೀನಾ? ಮೊನ್ನೆ ನನ್ನ ತಂಗಿ ಮಗಳ ಮದುವೇಲಿ ಉಪ್ಪು ಕಮ್ಮಿ ಅಂತ ಮೂಗು ಮುರಿದವಳು!" ಅಂದರು. ಅಕ್ಕ ತಿರುಗಲಿಲ್ಲ. ಅವಳ ಭುಜ ಅಲುಗಿದ್ದು ಅಳುವಿಗೋ ನಗುವಿಗೋ ಇವನಿಗೆ ತಿಳಿಯಲಿಲ್ಲ. ಅದು ಅವರ ಕಥೆ ಅಲ್ಲಮ್ಮ, ನಿನ್ನದೇ, ಅನ್ನಲು ಹೋದ ದುಭಾಷಿ ಬಾಯಿ ಮುಚ್ಚಿಕೊಂಡ. ಅಂದರೆ ಮತ್ತೆ ಅವಳು ಪ್ರಪಂಚದಲ್ಲಿ ಒಬ್ಬಳೇ ಆಗುತ್ತಾಳೆ.

ಪರದೆ ಸರಿಸಿಕೊಂಡು ನಾಯಕರು ಬಂದರು, ಹಿಂದೆ ಗಡಿಯಾರ, ಅವನ ಹಿಂದೆ ಕ್ಯಾಮೆರಾದವನು. ಅಮ್ಮ ನೇರ ಹೋಗಿ ನಾಯಕರ ಎರಡೂ ಕೈ ಹಿಡಿದುಕೊಂಡಳು. "ನಿಮ್ಮ ತಾಯಿ ದೊಡ್ಡವಳಪ್ಪ. ನಾನೂ ಹಾಗೇ ಮಾಡ್ತಿದ್ದೆ. ಎಬ್ಬಿಸಿ ಕಳಿಸಿದ್ರು ನನ್ನನ್ನೂ. ನಾನು ಬದುಕಿದೆ, ಪಾಪ ಅವಳು ಹೋದಳು." ನಾಯಕರು ಇವನ ಕಡೆ ನೋಡಿದರು, ಅರ್ಥ ಹೇಳು ಅಂತ. ಹೇಳಿದ. ರಾಜಧಾನಿಯ ಭಾಷೆಯಲ್ಲಿ, ಒಂದಕ್ಷರ ಬಿಡದೆ, "ನಾನೂ ಹಾಗೇ ಮಾಡುತ್ತಿದ್ದೆ. ನಾನು ಬದುಕಿದೆ" ಅಂದ. ಕೊನೆಗೆ ಮೆಲ್ಲಗೆ, "ಇವರು ನನ್ನ ತಾಯಿ ಸಾರ್" ಅಂತ ಸೇರಿಸಿದ. ನಾಯಕರ ಕೈ ಹಿಂದಕ್ಕೆ ಜಗ್ಗಿತು, ಅಮ್ಮ ಬಿಡಲಿಲ್ಲ. ಅಷ್ಟು ಹತ್ತಿರದಿಂದ ನೋಡಿದರೆ ಅವರ ತುಟಿ ಸಣ್ಣಗೆ ನಡುಗುತ್ತಿತ್ತು. ಈಗ ಹೇಳಿಬಿಡುತ್ತಾರೆ, ಹೇಳದೆ ವಿಧಿಯಿಲ್ಲ, ಅಂದುಕೊಂಡ ಇವನು. ಕ್ಯಾಮೆರಾದವನು ದೀಪ ಹಾಕಿದ. ಬೆಳಕು ಬಿದ್ದ ಕೂಡಲೇ ಆ ಮುಖ ತನ್ನ ಜಾಗಕ್ಕೆ ಬಂದು ಕೂತಿತು. "ಎಲ್ಲ ತಾಯಂದಿರೂ ಒಂದೇ" ಅಂದರು ನಾಯಕರು. "ಎಲ್ಲ ತಾಯಂದಿರೂ ಒಂದೇ" ಅಂದ ದುಭಾಷಿ ಅಮ್ಮನಿಗೆ. "ಹೌದಪ್ಪ, ಹೌದು" ಅಂದಳು ಅಮ್ಮ, ಮತ್ತು ಗಡಿಯಾರ ಎಲ್ಲರನ್ನೂ ಸರಿಸಿಕೊಂಡು ನಾಯಕರನ್ನು ಕಾರಿನ ಕಡೆ ಕರೆದುಕೊಂಡು ಹೋದ. ಹೋಗುತ್ತ ಹಿಂತಿರುಗಿ ಇವನಿಗೆ, "ಬೇಗ ಬನ್ನಿ" ಅಂತ ಕೈ ಮಾಡಿದ.

ಅಮ್ಮ ಇವನನ್ನು ಪೇರಿಸಿದ ಕುರ್ಚಿಗಳ ಮರೆಗೆ ಎಳೆದುಕೊಂಡು ಹೋದಳು. ಮುಖದ ಬೆಳಕು ಸ್ವಲ್ಪ ಇಳಿದಿತ್ತು. "ಎಲ್ಲ ಚೆನ್ನಾಗಿ ಹೇಳಿದೆ. ಆದ್ರೆ ಅದೊಂದು ಮಾತು, ನನ್ನಮ್ಮ ಸತ್ತುಹೋದಳು ಅಂದೆಯಲ್ಲ, ಅದು ಕೇಳಿ ನನ್ನ ಎದೆ ಝಲ್ ಅಂತು ಕಣೋ. ಅವರದೇ ಮಾತಿರಬಹುದು, ಬಾಯಿ ನಿನ್ನದಲ್ವಾ? ನಾನು ಇನ್ನೂ ಸ್ವಲ್ಪ ದಿನ ಇರಬೇಕು ಅಂತಿದೀನಿ. ಬಿಡ್ತು ಅನ್ನು."

"ಬಿಡ್ತು" ಅಂದ.

"ನೆಟ್ಟಗೆ ಅನ್ನು."

"ಬಿಡ್ತು ಅಮ್ಮ, ಬಿಡ್ತು."

"ನಾಳೆನೂ ಇದೆಯಾ?"

"ನಾಳೆ, ನಾಡಿದ್ದು, ವೋಟಿನ ತನಕ ದಿನಾ ಇದೆ."

"ಎಲ್ಲಾ ಕಡೆನೂ ಅದನ್ನ ಹೇಳಲೇಬೇಕಾ?"

"ಹೇಳಲೇಬೇಕು."

ಅಮ್ಮ ಯೋಚಿಸಿದಳು. ಹಿಂದೆ ಮದುವೆಗೆ ಹೊರಡುವ ಮುಂಚೆ ಯೋಚಿಸುತ್ತಿದ್ದ ಹಾಗೆಯೇ, ಒಂದು ಕಣ್ಣು ಸ್ವಲ್ಪ ಸಣ್ಣ ಮಾಡಿ. "ಹಾಗಾದ್ರೆ ಹೇಳು, ಏನು ಮಾಡೋಕಾಗುತ್ತೆ. ಅನ್ನ ಕೊಡೋ ಕೆಲಸ. ಹೇಳಿದ ತಕ್ಷಣ ಮುಖ ಒಂಚೂರು ಆ ಕಡೆ ತಿರುಗಿಸಿ, ಮೈಕಿಗೆ ಕೇಳಿಸದ ಹಾಗೆ, ಬಿಡ್ತು ಅಂದ್ಬಿಡು. ಮರೀಬೇಡ. ನಾನು ದಿನಾ ಟೀವಿ ಮುಂದೆ ಕೂತಿರ್ತೀನಿ, ನೀನು ಮುಖ ತಿರುಗಿಸಿದ್ಯಾ ಇಲ್ವಾ ಅಂತ ನೋಡ್ತಿರ್ತೀನಿ."